ಪದವಿಯಿಲ್ಲದ ವಿದ್ಯಾರ್ಥಿ: ಇಂಗ್ಲೆಂಡಿನಲ್ಲಿ ರವೀಂದ್ರನಾಥ ಠಾಕೂರ್ (1878–80)

1

ರವೀಂದ್ರನಾಥ ಠಾಕೂರರ (1861–1941) ಜೀವನಚರಿತ್ರೆಗಳಲ್ಲಿ 1878ರ ಸೆಪ್ಟೆಂಬರಿನಿಂದ 1880ರ ಫೆಬ್ರವರಿಯವರೆಗಿನ ಅವಧಿಗೆ ದೊರೆಯುವ ಸ್ಥಳ ಅಲ್ಪವಾದುದು. ಹಿರಿಯ ಹುದ್ದೆಗೆ ಅರ್ಹತೆ ಸಂಪಾದಿಸಲೆಂದು ಇಂಗ್ಲೆಂಡಿಗೆ ಹೋದ ಹದಿನೇಳರ ತರುಣ ಯಾವ ಪರೀಕ್ಷೆಯನ್ನೂ ಮುಗಿಸದೆ ಮರಳಿ ಬಂದನೆಂಬಲ್ಲಿಗೆ ಆ ಪ್ರಕರಣ ಮುಗಿಯುತ್ತದೆ. ಈ ಅವಧಿಯನ್ನು ಕುರಿತು ನಮಗೆ ಎರಡು ಮುಖ್ಯ ಆಕರಗಳಿವೆ. ಮೊದಲನೆಯದು, ಅಲ್ಲಿಂದಲೇ ಬರೆದು ‘ಭಾರತಿ’ ಪತ್ರಿಕೆಯಲ್ಲಿ ಪ್ರಕಟವಾದ, 1881ರಲ್ಲಿ ‘ಯೂರೋಪ್ ಪ್ರವಾಸೀರ್ ಪತ್ರ’ ಎಂಬ ಹೆಸರಿನಲ್ಲಿ ಪುಸ್ತಕವಾಗಿ ಬಂದ ಕಾಗದಗಳು. ಎರಡನೆಯದು, ಐವತ್ತರ ವಯಸ್ಸಿನಲ್ಲಿ ಬರೆದು 1912ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾದ ‘ಜೀವನಸ್ಮೃತಿ’. ಇವೆರಡರ ನಡುವೆ ಮೂರು ದಶಕಗಳ ಅಂತರವಿದೆ. ಎರಡನೆಯದು ಮೊದಲನೆಯದನ್ನು ನಿರಾಕರಿಸುತ್ತದೆ. ಆ ಕಾಗದಗಳನ್ನು ಬರೆಯತೊಡಗಿದ ಗಳಿಗೆಯೇ ಅಶುಭವಾದುದೆಂದೂ ಮೆಚ್ಚಲಾರದ ಮನಸ್ಸು ದುರ್ಬಲವಾದ ಮನಸ್ಸೆಂದೂ ಪ್ರೌಢ ಕವಿ ತನ್ನ ತಾರುಣ್ಯದ ಬಗ್ಗೆ ತೀರ್ಪು ಕೊಟ್ಟರು. ಲೇಖಕನೇ ತನ್ನ ಬರವಣಿಗೆಯನ್ನು ತಳ್ಳಿಹಾಕಿದಾಗ ಓದುಗನಾದವನು ಆ ತೀರ್ಪಿಗೆ ಬದ್ಧನಾಗಬೇಕೆ ಎಂಬುದು ಈ ಲೇಖನದ ಹಿಂದಿರುವ ಪ್ರಶ್ನೆ.

2

ಜೊರಾಸಾಂಕೊದ ಠಾಕೂರ್ ಮನೆತನದ ಕಿರಿಯ ಮಗನಿಗೆ ಶಾಲೆ ಒಗ್ಗಿರಲಿಲ್ಲ. ಓರಿಯಂಟಲ್ ಸೆಮಿನರಿ, ನಾರ್ಮಲ್ ಸ್ಕೂಲ್, ಬೆಂಗಾಲ್ ಅಕಾಡೆಮಿ, ಸೇಂಟ್ ಝೇವಿಯರ್ಸ್ ಎಂದು ಒಂದಾದ ಮೇಲೊಂದು ಶಾಲೆಗೆ ಸೇರಿಸಿದರೂ ಹುಡುಗ ಎಲ್ಲಿಯೂ ನೆಲೆಗೊಳ್ಳಲಿಲ್ಲ. ಐ.ಸಿ.ಎಸ್. ಸೇವೆಗೆ ಸೇರಿದ ಮೊದಲ ಭಾರತೀಯರಾದ ಎರಡನೆಯ ಅಣ್ಣ ಸತ್ಯೇಂದ್ರನಾಥರು ತಮ್ಮನನ್ನು ಇಂಗ್ಲೆಂಡಿಗೆ ಕರೆದೊಯ್ಯುವ ಸಲಹೆಯನ್ನು ಮುಂದಿಟ್ಟರು. ತಂದೆ ದೇವೇಂದ್ರನಾಥರು ಒಪ್ಪಿದರು. ಪ್ರಯಾಣಕ್ಕೆ ಮುನ್ನ ರವೀಂದ್ರರು ಅಣ್ಣ ನ್ಯಾಯಾಧೀಶರಾಗಿದ್ದ ಅಹಮದಾಬಾದಿನ ಶಾಹಿಬಾಗ್ ಅರಮನೆಯಲ್ಲಿ ಕೆಲವು ತಿಂಗಳು ಕಳೆದರು. ಅಣ್ಣ ಕಚೇರಿಗೆ ಹೋದ ಮೇಲೆ ಆ ದೊಡ್ಡ ಮನೆಯಲ್ಲಿ ಒಬ್ಬರೇ ಇದ್ದು ನಿಘಂಟಿನ ನೆರವಿನಿಂದ ಇಂಗ್ಲಿಷ್ ಪುಸ್ತಕಗಳನ್ನು ಓದಿದರು. ತಮ್ಮ ಹಾಡುಗಳಿಗೆ ತಾವೇ ರಾಗ ಕೂಡಿಸಲು ಮೊದಲು ಮಾಡಿದ್ದೂ ಅಲ್ಲಿಯೇ. ಅನಂತರ ಮುಂಬಯಿಯಲ್ಲಿ ಡಾ. ಆತ್ಮಾರಾಮ ಪಾಂಡುರಂಗರ ಮನೆಯಲ್ಲಿ ಉಳಿದು, ಇಂಗ್ಲೆಂಡಿನಲ್ಲಿ ಕಲಿತು ಬಂದಿದ್ದ ಅವರ ಮಗಳು ಅನ್ನಪೂರ್ಣಾರಿಂದ ಇಂಗ್ಲಿಷರ ಮಾತುಕತೆ, ನಡೆನುಡಿಗಳ ಪಾಠ ಹೇಳಿಸಿಕೊಂಡರು. ಕಲಿಸಿದಾಕೆಗೆ ಶಿಷ್ಯನು ಕೊಟ್ಟ ಗುರುದಕ್ಷಿಣೆ ‘ನಳಿನಿ’ ಎಂಬ ಹೆಸರು ಮತ್ತು ಆ ಹೆಸರನ್ನು ಹೆಣೆದ ಕವಿತೆ.

1878ರ ಸೆಪ್ಟೆಂಬರ್ 20ರಂದು ಅಣ್ಣತಮ್ಮಂದಿರು ಮುಂಬಯಿಯಿಂದ ‘ಪೂನಾ’ ಹಡಗನ್ನೇರಿದರು. ಮೊದಲ ಆರು ದಿನ ರವೀಂದ್ರರು ಕಡಲಬೇನೆಯಿಂದ ಹಾಸಿಗೆ ಬಿಟ್ಟು ಏಳಲಿಲ್ಲ. ಏಡನ್ ದಾಟಿ ಸೂಯೆಜ್ ತಲುಪಿ, ಅಲ್ಲಿಂದ ರೈಲಿನಲ್ಲಿ ಅಲೆಕ್ಸಾಂಡ್ರಿಯಾಕ್ಕೂ ಮತ್ತೊಂದು ಹಡಗಿನಲ್ಲಿ ಇಟಲಿಯ ಬ್ರಿಂಡಿಸಿಗೂ ಹೋಗಿ, ಪ್ಯಾರಿಸಿನ ಮಾರ್ಗವಾಗಿ ಇಂಗ್ಲೆಂಡ್ ಸೇರಿದರು. ಆ ವರ್ಷ ಪ್ಯಾರಿಸಿನಲ್ಲಿ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ನಡೆಯುತ್ತಿತ್ತು. ಅದನ್ನು ಅವರು ನೋಡಿದ್ದು ಅವಸರದಲ್ಲಿ.

3

ಸತ್ಯೇಂದ್ರನಾಥರ ಪತ್ನಿ ಜ್ಞಾನದಾನಂದಿನಿ ದೇವಿಯವರು 1877ರಲ್ಲಿಯೇ ಮಕ್ಕಳೊಡನೆ ಇಂಗ್ಲೆಂಡಿಗೆ ಬಂದು ಬ್ರೈಟನ್ ಬಳಿಯ ಹೋವ್‌ನಲ್ಲಿ ಮನೆ ಮಾಡಿದ್ದರು. ಹೀಗಾಗಿ ರವೀಂದ್ರರಿಗೆ ಪರದೇಶದ ಮೊದಲ ತಿಂಗಳುಗಳು ಅತ್ತಿಗೆಯ ಆಸರೆಯಲ್ಲಿ, ಅಣ್ಣನ ಮಕ್ಕಳಾದ ಸುರೇಂದ್ರ ಮತ್ತು ಇಂದಿರೆಯರ ಆಟಪಾಟಗಳ ನಡುವೆ ಕಳೆದವು. ಒಂದು ರಾತ್ರಿ ಹೊರಗೆ ಬಂದಾಗ ಬೆಳುದಿಂಗಳಲ್ಲಿ ನೆಲವೆಲ್ಲ ಹಿಮದಿಂದ ಬೆಳ್ಳಗಾಗಿದ್ದುದನ್ನು ಕಂಡು ಅವರು ಬೆರಗಾದರು. ಬ್ರೈಟನ್ನಿನ ಶಾಲೆಯೊಂದಕ್ಕೆ ಸೇರಿದರು. ಊರಿನ ಶಾಲೆಗಳ ಕಹಿ ಅನುಭವವಿದ್ದ ಅವರಿಗೆ ಇಲ್ಲಿಯ ಹುಡುಗರ ವರ್ತನೆ ಆಶ್ಚರ್ಯ ತಂದಿತು. ಅವರು ಒರಟಾಗಿ ನಡೆದುಕೊಳ್ಳಲಿಲ್ಲ. ಕೆಲವೊಮ್ಮೆ ಕಿತ್ತಳೆ, ಸೇಬುಗಳನ್ನು ಜೇಬಿನಲ್ಲಿ ತುರುಕಿ ಓಡಿಹೋಗುತ್ತಿದ್ದರು.

ಮನೆಯ ಬೆಚ್ಚನೆಯ ವಾತಾವರಣದಲ್ಲಿ ವಿದ್ಯೆ ಸಾಗದೆಂದು ಸತ್ಯೇಂದ್ರನಾಥರ ಸ್ನೇಹಿತರಾದ ತಾರಕನಾಥ ಪಾಲಿತರು ರವೀಂದ್ರರನ್ನು ಲಂಡನ್ನಿಗೆ ಕರೆದೊಯ್ದು ರೀಜೆಂಟ್ಸ್ ಪಾರ್ಕಿನ ಎದುರಿನ ಬಾಡಿಗೆ ಕೋಣೆಯೊಂದರಲ್ಲಿ ಇರಿಸಿದರು. ನಡುಚಳಿಗಾಲ. ಕಿಟಕಿಯ ಹೊರಗೆ ಎಲೆಯುದುರಿದ ಮರಗಳು, ಒಳಗೆ ಒಂದು ಹಾರ್ಮೋನಿಯಂ. ಲ್ಯಾಟಿನ್ ಕಲಿಸಲು ಬರುತ್ತಿದ್ದ ಬಡ ಉಪಾಧ್ಯಾಯರ ಉಡುಪು ಚಳಿಗೆ ಸಾಲುತ್ತಿರಲಿಲ್ಲ. ಪ್ರತಿಯೊಂದು ಯುಗದಲ್ಲಿಯೂ ಒಂದೇ ಬಗೆಯ ಭಾವನೆ ಬೇರೆಬೇರೆ ಸಮಾಜಗಳಲ್ಲಿ ಏಕಕಾಲಕ್ಕೆ ತಲೆದೋರುತ್ತದೆಂಬ ಸಿದ್ಧಾಂತವನ್ನು ಸಾಧಿಸುವ ಗೀಳು ಅವರಿಗಿತ್ತು. ಆ ಗೀಳಿನಲ್ಲಿ ಪಾಠ ಹಿಂದೆ ಬೀಳುತ್ತಿತ್ತು. ಬಿಡುವಾಗ ಪಾಠ ಹೇಳಿದ್ದಕ್ಕೆ ತಾನು ಅರ್ಹನಲ್ಲವೆಂದು ಸಂಬಳ ಪಡೆಯಲು ಹಿಂಜರಿದರು. ವಿದ್ಯಾರ್ಥಿಯೇ ಒತ್ತಾಯಿಸಿ ಕೊಡಬೇಕಾಯಿತು. ಲ್ಯಾಟಿನ್ ಬರಲಿಲ್ಲ, ಆದರೆ ಆ ಸಿದ್ಧಾಂತದಲ್ಲಿ ಏನೋ ಸತ್ಯವಿದೆಯೆಂಬ ಭಾವನೆ ರವೀಂದ್ರರಲ್ಲಿ ಕೊನೆಯವರೆಗೂ ಉಳಿಯಿತು.

ಮುಂದೆ ಬಾರ್ಕರ್ ಎಂಬ ಖಾಸಗಿ ಶಿಕ್ಷಕರ ಮನೆಯಲ್ಲಿ ವಾಸ. ಆ ಗಂಡಹೆಂಡಿರ ಸಂಸಾರದಲ್ಲಿ ಸುಖವಿರಲಿಲ್ಲ. ಹೆಂಡತಿಯನ್ನು ನೋಯಿಸಬೇಕೆನಿಸಿದಾಗ ಗಂಡ ಅವಳ ಮುದ್ದಿನ ನಾಯಿಯನ್ನು ಪೀಡಿಸುತ್ತಿದ್ದ. ಅಲ್ಲಿಂದ ಬಿಡುಗಡೆ ದೊರೆತದ್ದು ಡೆವನ್‌ಶೈರಿನ ಟಾರ್ಕಿ ಎಂಬ ಕಡಲತೀರದ ಊರಿಗೆ ಅತ್ತಿಗೆಯಿಂದ ಕರೆ ಬಂದಾಗ. ಗುಡ್ಡ, ಹೂಬಯಲು, ಪೈನ್ ಮರಗಳ ನೆರಳಿನ ಆ ಊರಿನಲ್ಲಿ ಕವಿಯಾದವನು ಬರೆಯಲೇಬೇಕೆಂಬ ಕರ್ತವ್ಯಪ್ರಜ್ಞೆಯಿಂದ ಕಡಲಂಚಿನ ಬಂಡೆಯ ಮೇಲೆ ಕುಳಿತು ಕವಿತೆಯೊಂದನ್ನು ಬರೆದರು. ಅದನ್ನು ಅಲ್ಲಿಯೇ ಮುಳುಗಿಸಿಬಿಟ್ಟಿದ್ದರೆ ಚೆನ್ನಾಗಿತ್ತೆಂದು ಮುಂದೆ ತಮ್ಮನ್ನೇ ಗೇಲಿ ಮಾಡಿಕೊಂಡರು.

4

ಮತ್ತೆ ಲಂಡನ್ನಿಗೆ ಬಂದಾಗ ಆಶ್ರಯ ದೊರೆತದ್ದು ಡಾ. ಸ್ಕಾಟ್ ಎಂಬುವರ ಮನೆಯಲ್ಲಿ. ಕಪ್ಪು ಬಣ್ಣದ ಪರದೇಶಿಯೊಬ್ಬ ಬರುವನೆಂಬ ಸುದ್ದಿಗೆ ಹೆದರಿ ಹೆಣ್ಣುಮಕ್ಕಳಲ್ಲಿ ಇಬ್ಬರು ನೆಂಟರ ಮನೆಗೆ ಹೋಗಿದ್ದರು. ಅಪಾಯವಿಲ್ಲವೆಂದು ತಿಳಿದ ಮೇಲೆಯೇ ಅವರು ಮರಳಿದರು. ಕೆಲವೇ ದಿನಗಳಲ್ಲಿ ಈ ಪರಕೀಯ ಮನೆಯವನೇ ಆದ. ಗೃಹಿಣಿ ಅವರನ್ನು ಮಗನಂತೆ ಕಂಡಳು. ದುಡಿದು ಬಂದ ಗಂಡನ ಆರೈಕೆಯಲ್ಲಿ ಆಕೆ ತೋರುತ್ತಿದ್ದ ಶ್ರದ್ಧೆಯನ್ನು ಕಂಡಾಗ ಪತಿಭಕ್ತಿ ನಮ್ಮ ದೇಶದ ಹೆಂಗಸರಿಗೆ ಮಾತ್ರ ಮೀಸಲಾದ ಗುಣವೆಂಬ ರವೀಂದ್ರರ ನಂಬಿಕೆ ಸಡಿಲವಾಯಿತು. ಮನುಷ್ಯಸ್ವಭಾವ ಎಲ್ಲೆಡೆಯೂ ಒಂದೇ ಎಂಬ ತಿಳಿವು ಅವರಿಗೆ ಬಂದದ್ದು ತತ್ತ್ವಗ್ರಂಥದಿಂದಲ್ಲ, ಲಂಡನ್ನಿನ ಒಂದು ಸಾಧಾರಣ ಮನೆಯ ದಿನಚರಿಯಿಂದ.

ಎಲ್ಲ ಅನುಭವಗಳೂ ಹೀಗಿರಲಿಲ್ಲ. ಭಾರತದಲ್ಲಿ ಅಧಿಕಾರಿಯಾಗಿದ್ದ ಇಂಗ್ಲಿಷನೊಬ್ಬನ ವಿಧವೆಯ ಪರಿಚಯ ಅವರಿಗಾಗಿತ್ತು. ಆಕೆಯ ಗಂಡ ತೀರಿಕೊಂಡಾಗ ಭಾರತೀಯ ಸ್ನೇಹಿತರೊಬ್ಬರು ಇಂಗ್ಲಿಷಿನಲ್ಲಿ ಶೋಕಗೀತೆಯೊಂದನ್ನು ರಚಿಸಿ ಬೇಹಾಗ್ ರಾಗದಲ್ಲಿ ಹಾಡಬೇಕೆಂದು ಸೂಚಿಸಿದ್ದರಂತೆ. ಸಿಕ್ಕಿದಾಗಲೆಲ್ಲ ಅದನ್ನು ಹಾಡೆಂದು ಆಕೆಯ ಒತ್ತಾಯ. ಊರಿಗೆ ಹೊರಡುವ ಸಮಯ ಸಮೀಪಿಸಿದಾಗ ತಂತಿ ಕೊಟ್ಟು ಮನೆಗೆ ಕರೆಸಿಕೊಂಡಳು. ಹಿಮ ಬೀಳುತ್ತಿದ್ದ ಸಂಜೆ, ಇಳಿಯಬೇಕಾದ ನಿಲ್ದಾಣ ತಪ್ಪಿ, ಮುಂದೆ ಹೋಗಿ ಮರಳಿ ಬರುವಷ್ಟರಲ್ಲಿ ರಾತ್ರಿಯಾಗಿತ್ತು. ಹಸಿದು ಬಂದವನಿಗೆ ಊಟವಿರಲಿಲ್ಲ. ಮಲಗಲು ಹತ್ತಿರದ ವಸತಿಗೃಹಕ್ಕೆ ಕಳುಹಿಸಲಾಯಿತು. ಮರುದಿನ ಕಾಯಿಲೆಯಿಂದ ಮಲಗಿದ್ದ ಇನ್ನೊಬ್ಬ ಮಹಿಳೆಗೆ ಕೇಳಿಸುವಂತೆ ಮುಚ್ಚಿದ ಬಾಗಿಲಿನ ಹೊರಗೆ ನಿಂತು ಅದೇ ಶೋಕಗೀತೆಯನ್ನು ಹಾಡಬೇಕಾಯಿತು. ಈ ಪ್ರಸಂಗ ನಗೆ ತರಿಸುವಂಥದು ನಿಜ. ಆದರೆ ಆಳುವವರ ಮನೆಯಂಗಳದಲ್ಲಿ ಆಳಿಸಿಕೊಂಡವನ ಕಂಠಕ್ಕೆ ಯಾವ ಸ್ಥಾನವಿತ್ತೆಂಬುದನ್ನು ಆ ಮುಚ್ಚಿದ ಬಾಗಿಲು ತಿಳಿಸುತ್ತದೆ.

ಸ್ಕಾಟರ ಮನೆಯಲ್ಲಿದ್ದಾಗಲೇ ಅವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಹೆನ್ರಿ ಮಾರ್ಲಿಯವರ ಇಂಗ್ಲಿಷ್ ಸಾಹಿತ್ಯದ ತರಗತಿಗಳಿಗೆ ಹೋಗತೊಡಗಿದರು. ಟಿಪ್ಪಣಿ ಬರೆಸುವುದಕ್ಕಿಂತ ಪಠ್ಯವನ್ನು ಓದುವ ಧ್ವನಿಯಲ್ಲಿಯೇ ಅರ್ಥವನ್ನು ಬಿಡಿಸುತ್ತಿದ್ದ ಮಾರ್ಲಿಯವರ ನೆನಪನ್ನು ರವೀಂದ್ರರು ಇಳಿವಯಸ್ಸಿನವರೆಗೂ ಕೃತಜ್ಞತೆಯಿಂದ ಉಳಿಸಿಕೊಂಡರು. ಅಲ್ಲಿ ಸಹಪಾಠಿಯಾದ ತಾರಕನಾಥರ ಮಗ ಲೋಕೇನ್ ಪಾಲಿತ್ ಬಾಳಿನುದ್ದಕ್ಕೂ ಗೆಳೆಯನಾಗಿ ಉಳಿದ. ಇದೇ ಕಾಲದಲ್ಲಿ ಪಾರ್ಲಿಮೆಂಟಿನ ಪ್ರೇಕ್ಷಕರ ಸಾಲಿನಲ್ಲಿ ಕುಳಿತು ಗ್ಲ್ಯಾಡ್‌ಸ್ಟನ್ ಮತ್ತು ಜಾನ್ ಬ್ರೈಟ್ ಅವರ ಭಾಷಣಗಳನ್ನು ಕೇಳಿದರು.

5

‘ಭಾರತಿ’ಯಲ್ಲಿ ಬಂದ ಕಾಗದಗಳು ಈ ದಿನಚರಿಯ ಇನ್ನೊಂದು ಮುಖವನ್ನು ತೋರಿಸುತ್ತವೆ. ಇಂಗ್ಲೆಂಡೆಂಬ ಪುಟ್ಟ ದ್ವೀಪ ಗ್ಲ್ಯಾಡ್‌ಸ್ಟನ್ನನ ವಾಗ್ಮಿತೆ, ಮ್ಯಾಕ್ಸ್ ಮುಲ್ಲರನ ವೇದವ್ಯಾಖ್ಯಾನ, ಕಾರ್ಲೈಲನ ಚಿಂತನೆಗಳಿಂದ ತುಂಬಿ ಮೊಳಗುತ್ತಿರಬಹುದೆಂದು ತರುಣ ಭಾವಿಸಿದ್ದ. ಕಂಡದ್ದು ಉಡುಪಿನ ಚಿಂತೆಯ ಹೆಂಗಸರನ್ನು, ಕೆಲಸದ ಧಾವಂತದ ಗಂಡಸರನ್ನು. ಜೋಡಿನ ಅಂಗಡಿ, ದರ್ಜಿ ಅಂಗಡಿ, ಮಾಂಸದಂಗಡಿಗಳಿದ್ದ ಬೀದಿಯಲ್ಲಿ ಪುಸ್ತಕದಂಗಡಿಯಿರಲಿಲ್ಲ; ಕವಿತೆಯ ಪುಸ್ತಕ ಬೇಕಾದರೆ ಆಟಿಕೆ ಮಾರುವವನಿಗೆ ಹೇಳಿ ತರಿಸಬೇಕಾಗಿತ್ತು. ಅಲ್ಲಿ ನೆಲಸಿ ಸ್ವಂತ ಜನರನ್ನು ತಿರಸ್ಕರಿಸುವ ಬಂಗಾಳಿ ವಿದ್ಯಾರ್ಥಿಗಳನ್ನು ‘ಇಂಗ-ಬಂಗ’ರೆಂದು ಕರೆದು ಲೇವಡಿ ಮಾಡಿದರು. ಅದೇ ಸಮಯದಲ್ಲಿ ಅಲ್ಲಿಯ ಸ್ತ್ರೀಪುರುಷರ ನಿರ್ಬಂಧವಿಲ್ಲದ ಸಾಮಾಜಿಕ ಬೆರೆಯುವಿಕೆಯನ್ನು ಮೆಚ್ಚಿ, ನಮ್ಮ ಅಂತಃಪುರದ ಪದ್ಧತಿಯನ್ನು ಕಟುವಾಗಿ ಟೀಕಿಸಿದರು. ಪತ್ರಿಕೆಯ ಸಂಪಾದಕರು ಹಿರಿಯಣ್ಣ ದ್ವಿಜೇಂದ್ರನಾಥರು. ಅವರು ತಮ್ಮನ ಕಾಗದಗಳನ್ನು ಅಚ್ಚು ಮಾಡಿದರು, ಜೊತೆಗೆ ಖಂಡನೆಯ ಟಿಪ್ಪಣಿಗಳನ್ನೂ ಸೇರಿಸಿದರು. ತಮ್ಮ ಮರುವಾದ ಹೂಡಿದ. ಒಂದೇ ಮನೆಯ ಒಳಜಗಳ ಹೀಗೆ ಸಾರ್ವಜನಿಕ ಚರ್ಚೆಯಾಯಿತು. ಮನೆಯಿಂದ ಮರಳಿ ಬರುವಂತೆ ಕರೆ ಬಂತು. ರಜೆ ಮುಗಿದ ಸತ್ಯೇಂದ್ರನಾಥರೊಡನೆ 1880ರ ಫೆಬ್ರವರಿಯಲ್ಲಿ ರವೀಂದ್ರರು ಹಿಂದಿರುಗಿದರು. ಬೀಳ್ಕೊಡುವಾಗ ಸ್ಕಾಟರ ಪತ್ನಿ ಅವರ ಕೈಹಿಡಿದು ಅತ್ತಳು.

6

ಪದವಿಯನ್ನು ಮಾನದಂಡವಾಗಿಟ್ಟರೆ ಈ ಪ್ರವಾಸ ನಿಷ್ಫಲ. ಆದರೆ ಭಾಷೆ ಮತ್ತು ಕಲೆಯ ನೆಲೆಯಿಂದ ನೋಡಿದಾಗ ಮೂರು ಫಲಗಳು ಕಾಣುತ್ತವೆ.

ಒಂದನೆಯದು ಗದ್ಯ. ಬಂಗಾಳಿ ಬರವಣಿಗೆಯಲ್ಲಿ ‘ಸಾಧು’ ಭಾಷೆಯ ಪ್ರಭುತ್ವವಿದ್ದ ಕಾಲದಲ್ಲಿ ಈ ಕಾಗದಗಳು ಆಡುಮಾತಿನಲ್ಲಿ ರಚಿತವಾದವು. ಕಾಳೀಪ್ರಸನ್ನ ಸಿಂಹರ ‘ಹುತೂಮ್ ಪ್ಯಾಂಚಾರ್ ನಕ್ಷಾ’ದಂತಹ ಹಿಂದಿನ ಪ್ರಯತ್ನಗಳಿದ್ದರೂ, ಮನೆಮಾತನ್ನೇ ವಿಚಾರಕ್ಕೂ ವಾದಕ್ಕೂ ಒಗ್ಗಿಸಿದ ಧೈರ್ಯ ಇಲ್ಲಿಯದು. 1914ರಲ್ಲಿ ಪ್ರಮಥ ಚೌಧುರಿಯವರು ‘ಸಬುಜ್ ಪತ್ರ’ದ ಮೂಲಕ ಆಡುಮಾತಿನ ಗದ್ಯಕ್ಕಾಗಿ ಚಳವಳಿಯನ್ನೇ ಹೂಡಿದಾಗ ರವೀಂದ್ರರು ಅದರ ಬೆಂಬಲಕ್ಕೆ ನಿಂತರು. ಆ ಪ್ರಮಥರ ಕೈಹಿಡಿದವರು ಬ್ರೈಟನ್ನಿನ ಪುಟ್ಟ ಹುಡುಗಿ ಇಂದಿರೆಯೇ.

ಎರಡನೆಯದು ಭಾಷಾವಿಚಾರ. ಸ್ಕಾಟರ ಮಗಳೊಬ್ಬಳಿಗೆ ಬಂಗಾಳಿ ಕಲಿಸುತ್ತ, ಇಂಗ್ಲಿಷ್ ಕಾಗುಣಿತದಂತೆ ನಮ್ಮದು ಮೋಸ ಮಾಡುವುದಿಲ್ಲವೆಂದು ರವೀಂದ್ರರು ಹೆಮ್ಮೆಪಟ್ಟಿದ್ದರು. ಪಾಠ ಮುಂದುವರಿದಂತೆ ಬಂಗಾಳಿಯ ಬರಹ-ಉಚ್ಚಾರಗಳ ನಡುವಿನ ಅಂತರ ಗೋಚರಿಸಿ ಹೆಮ್ಮೆ ಇಳಿಯಿತು. ಕಾಲೇಜಿನ ಗ್ರಂಥಾಲಯದಲ್ಲಿ ಲೋಕೇನನೊಡನೆ ಕುಳಿತು ಆ ಅಕ್ರಮಗಳ ಹಿಂದಿನ ನಿಯಮಗಳನ್ನು ಹುಡುಕತೊಡಗಿದರು. 1909ರ ‘ಶಬ್ದತತ್ತ್ವ’ದ ಬೇರು ಇಲ್ಲಿದೆ. ಹೊರಗಿನವರಿಗೆ ಕಲಿಸುವಾಗಲೇ ನಮ್ಮ ಭಾಷೆ ನಮಗೆ ಅಪರಿಚಿತವಾಗಿ ಕಾಣುತ್ತದೆಂಬ ಈ ಅನುಭವ ಭಾಷಾಬೋಧಕರಾದ ನಮಗೆ ಹೊಸದೇನಲ್ಲ.

ಮೂರನೆಯದು ಸಂಗೀತ. ಅಲ್ಲಿ ಕೇಳಿ ಕಲಿತ ಐರಿಷ್ ಮೊದಲಾದ ಧಾಟಿಗಳು ‘ವಾಲ್ಮೀಕಿ ಪ್ರತಿಭಾ’ (1881) ಗೀತನಾಟಕದಲ್ಲಿ ಭಾರತೀಯ ರಾಗಗಳೊಡನೆ ಕೂಡಿಕೊಂಡವು. ಬೇಡನ ಬಾಯಲ್ಲಿ ಶ್ಲೋಕ ಹುಟ್ಟಿದ ಕಥೆಗೆ ಕಡಲಾಚೆಯ ಸ್ವರಗಳು ಒದಗಿದವು.

7

ಕರ್ನಾಟಕದೊಡನೆಯೂ ಈ ಕಥನಕ್ಕೆ ನಿಜವಾದ ನಂಟಿದೆ. ಬ್ಯಾರಿಸ್ಟರ್ ವ್ಯಾಸಂಗಕ್ಕೆಂದು 1881ರಲ್ಲಿ ಮತ್ತೆ ಹೊರಟ ರವೀಂದ್ರರು ಮದರಾಸಿನಿಂದಲೇ ಹಿಂದಿರುಗಿದರು. 1883ರಲ್ಲಿ ಸತ್ಯೇಂದ್ರನಾಥರು ನ್ಯಾಯಾಧೀಶರಾಗಿದ್ದ ಕಾರವಾರಕ್ಕೆ ಬಂದು ಕಾಳೀನದಿಯ ಅಳಿವೆಯ ಬಳಿ ಕೆಲಕಾಲ ಕಳೆದರು. ‘ಪ್ರಕೃತಿರ್ ಪ್ರತಿಶೋಧ’ ನಾಟಕ ರಚನೆಯಾದದ್ದು ಅಲ್ಲಿ. ಲೋಕವನ್ನು ಗೆದ್ದೆನೆಂದು ಬೀಗಿದ ಸಂನ್ಯಾಸಿಯನ್ನು ಒಬ್ಬ ಅನಾಥ ಬಾಲಕಿಯ ಪ್ರೀತಿ ಮತ್ತೆ ಮನುಷ್ಯರ ನಡುವೆ ಎಳೆತರುವುದು ಅದರ ವಸ್ತು. ಟಾರ್ಕಿಯ ಬಂಡೆಯ ಮೇಲೆ ಕರ್ತವ್ಯಕ್ಕಾಗಿ ಬರೆದವನಿಗೆ ಕಾರವಾರದ ಕಡಲಂಚಿನಲ್ಲಿ ತನ್ನ ವಸ್ತು ದೊರೆತಿತ್ತು. ಅಪರಿಚಿತನನ್ನು ಒಳಕ್ಕೆ ಕರೆದುಕೊಂಡ ಲಂಡನ್ನಿನ ಮನೆಯ ನೆನಪೂ ಅದರ ಹಿಂದಿರಬಹುದೆಂದು ಊಹಿಸಲು ಅವಕಾಶವಿದೆ.

1890ರಲ್ಲಿ ಎರಡನೆಯ ಬಾರಿ ಲಂಡನ್ನಿಗೆ ಹೋದಾಗ ರವೀಂದ್ರರು ಆ ಹಳೆಯ ಮನೆಯನ್ನು ಹುಡುಕಿಕೊಂಡು ಹೋದರು. ಸ್ಕಾಟರ ಕುಟುಂಬ ಅಲ್ಲಿರಲಿಲ್ಲ. ‘ಜೀವನಸ್ಮೃತಿ’ಯಲ್ಲಿ ಆ ಮನೆ ಉಳಿಯಿತು, ತಾರುಣ್ಯದ ಸಿಟ್ಟು, ವ್ಯಂಗ್ಯಗಳು ಹೊರಗುಳಿದವು. ಮುಂದೆ ಆ ಗ್ರಂಥವನ್ನು ಇಂಗ್ಲಿಷಿಗೆ ತಂದವರು ಬ್ರೈಟನ್ನಿನಲ್ಲಿ ಅವರೊಡನೆ ಆಡಿದ ಸುರೇಂದ್ರನಾಥರು. ಹೊರನಾಡಿನ ಓದುಗರಿಗೆ ತಲುಪಿದ್ದು ಹೆಚ್ಚಾಗಿ ಈ ಎರಡನೆಯ ಚಿತ್ರವೇ. ರವೀಂದ್ರರು ಮಾತ್ರ 1936ರಲ್ಲಿ ಹಳೆಯ ಕಾಗದಗಳನ್ನು ಪರಿಷ್ಕರಿಸಿ ‘ಪಾಶ್ಚಾತ್ಯ ಭ್ರಮಣ’ದಲ್ಲಿ ಮತ್ತೆ ಪ್ರಕಟಿಸಿದರು. ತಳ್ಳಿಹಾಕಿದ್ದನ್ನು ತಿದ್ದಿಯಾದರೂ ಉಳಿಸಿಕೊಳ್ಳಬೇಕೆಂದು ಎಪ್ಪತ್ತೈದರ ಕವಿಗೆ ಅನ್ನಿಸಿತು. ಹೀಗಿರುವಾಗ ಐವತ್ತರ ವಯಸ್ಸಿನ ತೀರ್ಪನ್ನೇ ಕೊನೆಯದೆಂದು ಸ್ವೀಕರಿಸಿ ಹದಿನೇಳರ ವಿದ್ಯಾರ್ಥಿಯನ್ನು ಮೌನವಾಗಿಸುವುದು ಸಂಶೋಧಕನಿಗೆ ಉಚಿತವಾಗಲಾರದು. ನೆನಪು ಕ್ಷಮಿಸಿದ್ದನ್ನು ಕಾಗದ ಕ್ಷಮಿಸಿರಲಿಲ್ಲ; ಆ ವರ್ಷದ ಪೂರ್ಣ ಚಿತ್ರಕ್ಕೆ ಎರಡೂ ಬೇಕು.