ಕಬ್ಬಿಣದ ಭಿಕ್ಷೆಗೆ ಹೋದ ಕೆಂಪಾಚಾರಿ

ಕೊಳ್ಳೇಗಾಲ ಸೀಮೆಯಲ್ಲಿ ಸಿದ್ದಪ್ಪಾಜಿಯ ಪರಿಚಯ ಮಾಡಿಕೊಡಬೇಕಿಲ್ಲ. ಧನಗೆರೆಯವನಾದ ನನಗೂ ಆ ಹೆಸರು ಪುಸ್ತಕದಿಂದ ಬಂದದ್ದಲ್ಲ, ನೀಲಗಾರರ ಬಾಯಿಂದ ಬಂದದ್ದು. ಪದವಿ ಮುಗಿಸಿ ಅರ್ಜಿ ಹಾಕುತ್ತಾ ಕೂತಿರುವ ಈ ದಿನಗಳಲ್ಲಿ ಅವರ ಕಥೆಯ ಒಂದು ಭಾಗ ಪದೇ ಪದೇ ನೆನಪಾಗುತ್ತದೆ.

ಮಂಟೇಸ್ವಾಮಿ ಕಾವ್ಯದ ಪ್ರಕಾರ ಅವರ ಮೊದಲ ಹೆಸರು ಕೆಂಪಾಚಾರಿ. ನಿಡುಘಟ್ಟದ ಕಮ್ಮಾರರ ಮನೆಯ ಹುಡುಗ. ಮಂಟೇಸ್ವಾಮಿ ಬಂದು ಆ ಹುಡುಗನನ್ನೇ ಶಿಶುಮಗನಾಗಿ ಕೊಡಿ ಎಂದು ಕೇಳಿದರು. ಹೆತ್ತವರು ಒಪ್ಪಲಿಲ್ಲ. ಯಾರು ತಾನೇ ಒಪ್ಪುತ್ತಾರೆ? ಕೊನೆಗೂ ಹುಡುಗ ಮನೆ ಬಿಟ್ಟ, ಗುರುವಿನ ಕಠಿಣ ಪರೀಕ್ಷೆಗಳನ್ನು ದಾಟಿದ, ಸಿದ್ದಪ್ಪಾಜಿಯಾದ.

ನನ್ನನ್ನು ಕಾಡುವುದು ಮುಂದಿನ ಭಾಗ. ಗುರು ಅವರನ್ನು ಹೊಳೆಯಾಚೆಯ ಹಲಗೂರಿಗೆ ಕಳಿಸಿದರು, ಪಾಂಚಾಳರಿಂದ ಕಬ್ಬಿಣದ ಭಿಕ್ಷೆ ತರಲು. ಕುಲುಮೆಯ ಮನೆಯಲ್ಲಿ ಹುಟ್ಟಿದವರು ತಮ್ಮ ಕುಲದವರ ಕುಲುಮೆಯ ಮುಂದೆಯೇ ಬೇಡುತ್ತಾ ನಿಲ್ಲಬೇಕು. ಅವರು ಕಬ್ಬಿಣ ಇಲ್ಲವೆಂದರು, ಸಾಲದ್ದಕ್ಕೆ ಒಂದರ ಮೇಲೊಂದು ಪರೀಕ್ಷೆ ಒಡ್ಡಿದರು. ಸಿದ್ದಪ್ಪಾಜಿ ಗೆದ್ದರು, ಕಬ್ಬಿಣ ದಕ್ಕಿತು. ಆ ಪವಾಡಗಳನ್ನು ನಾನು ಹೇಳಿದರೆ ಸಪ್ಪೆ, ನೀಲಗಾರರೇ ಹೇಳಬೇಕು. ಆದರೆ ಗುರುತಿನವರ ಬಾಗಿಲಲ್ಲಿ ನಿಂತು ಕೇಳುವ ಕಷ್ಟ, ಕೆಲಸಕ್ಕೊಂದು ಮಾತು ಹೇಳಿಸಲು ನೆಂಟರ ಮನೆ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು.

ಮುಖ್ಯ ನೀಲಗಾರನ ಕೈಯಲ್ಲಿ ತಂಬೂರಿ, ಗಗ್ಗರ. ಹಿಮ್ಮೇಳದವರ ಬಳಿ ಡಕ್ಕೆ, ತಾಳ. ಹಲಗೂರಿನಂಥ ಜಾಗ ಬಂದಾಗ ಆತ ಹಾಡು ನಿಲ್ಲಿಸಿ ಮಾತಿಗಿಳಿಯುವುದನ್ನು ಕೇಳಿದ್ದೇನೆ. ತಂಬೂರಿ ಮಾತ್ರ ನಿಲ್ಲದು. ದೂರದ ಝೆಕ್ ನಾಡಿನಲ್ಲೂ ಇಂಥದೊಂದು ಪ್ರಕಾರವಿದೆಯೆಂದು ಓದಿ ಬೆರಗಾದೆ. 1875ರಲ್ಲಿ ಝ್ಡೆನೆಕ್ ಫಿಬಿಖ್ ಎಂಬ ಸಂಗೀತಗಾರ ಎರ್ಬೆನ್ ಕವಿಯ ಕಥನಕವನಕ್ಕೆ ಪಿಯಾನೊ ಹೊಂದಿಸಿದರು. ಕವನವನ್ನು ಹಾಡುವುದಿಲ್ಲ, ಒಬ್ಬರು ಮಾತಿನಲ್ಲೇ ಹೇಳುತ್ತಾರೆ. ಮುಂದೆ ಪಿಯಾನೊ ಜಾಗಕ್ಕೆ ಇಡೀ ವಾದ್ಯವೃಂದವೇ ಬಂತು. ಅದರ ಹೆಸರು ಮೆಲೊಡ್ರಾಮ. ನಾವು ಅಳುಬುರುಕ ಸಿನಿಮಾಗಳನ್ನು ಬೈಯಲು ಬಳಸುವ ಅದೇ ಪದ! ಅಲ್ಲಿ ಪ್ರತಿ ಮಾತೂ ಬರೆದಿಟ್ಟದ್ದು. ನಮ್ಮ ನೀಲಗಾರ ಎದುರು ಕೂತವರ ಮುಖ ನೋಡಿ ಮಾತನ್ನು ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ.

ಸಿದ್ದಪ್ಪಾಜಿ ಕೊನೆಗೆ ನೆಲೆಸಿದ್ದು ಚಿಕ್ಕಲ್ಲೂರಿನಲ್ಲಿ. ಗದ್ದುಗೆ ಅಲ್ಲೇ ಇದೆ. ಜನವರಿ ಸುಮಾರಿನ ಹುಣ್ಣಿಮೆಯಿಂದ 5 ದಿನ ಜಾತ್ರೆ. ಮೊದಲ ರಾತ್ರಿ ಬಿದಿರು, ಬಟ್ಟೆಯಿಂದ ಕಟ್ಟಿದ ಚಂದ್ರಮಂಡಲಕ್ಕೆ ಬೆಂಕಿ ಕೊಡುತ್ತಾರೆ. ತಂಬೂರಿ ಹಿಡಿದವರು ಅಲ್ಲಲ್ಲಿ ಕೂತು ನಿಡುಘಟ್ಟದಿಂದ ಮತ್ತೆ ಕಥೆ ಶುರುಮಾಡುತ್ತಾರೆ.