ವಿಟಮಿನ್ ಆಗದ 'ವಿಟಮಿನ್ ಪಿ'

ಹೆಚ್ಚಿಟ್ಟ ಬದನೆಕಾಯಿ ಸ್ವಲ್ಪ ಹೊತ್ತಿನಲ್ಲೇ ಕಪ್ಪಾಗುವುದನ್ನು ನೀವು ನೋಡಿರುತ್ತೀರಿ. ಸೇಬು, ಬಾಳೆಹಣ್ಣುಗಳದ್ದೂ ಅದೇ ಕತೆ. ಅವುಗಳಲ್ಲಿರುವ ಪಾಲಿಫೀನಾಲ್ ಎಂಬ ರಾಸಾಯನಿಕಗಳು ಕಿಣ್ವವೊಂದರ ನೆರವಿನಿಂದ ಗಾಳಿಯಲ್ಲಿನ ಆಮ್ಲಜನಕದೊಡನೆ ವರ್ತಿಸುವುದೇ ಇದಕ್ಕೆ ಕಾರಣ. ಆದರೆ ನಿಂಬೆಹಣ್ಣು ಹೀಗೆ ಕಪ್ಪಾಗುವುದಿಲ್ಲವಲ್ಲ, ಏಕೆ? ಸುಮಾರು ನೂರು ವರ್ಷಗಳ ಹಿಂದೆ ಇಂಥ ಪ್ರಶ್ನೆಗಳ ಬೆನ್ನುಹತ್ತಿದವರು ಹಂಗೆರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿ. ಆ ಹಾದಿ ಅವರನ್ನು ನೊಬೆಲ್ ಬಹುಮಾನಕ್ಕೂ ಕರೆದೊಯ್ದಿತು, ದೊಡ್ಡದೊಂದು ತಪ್ಪಿಗೂ!

ಸೆಂಟ್-ಗ್ಯೋರ್ಗಿ ಹುಟ್ಟಿದ್ದು 1893ರಲ್ಲಿ, ಬುಡಾಪೆಸ್ಟ್ ನಗರದಲ್ಲಿ. ವೈದ್ಯಕೀಯ ಓದುತ್ತಿರುವಾಗಲೇ ಮೊದಲ ಮಹಾಯುದ್ಧ ಶುರುವಾಗಿ ಸೈನ್ಯಕ್ಕೆ ಹೋಗಬೇಕಾಯಿತು. ಯುದ್ಧದ ಬಗ್ಗೆ ರೋಸಿಹೋದ ಅವರು ತಮ್ಮ ತೋಳಿಗೆ ತಾವೇ ಗುಂಡು ಹೊಡೆದುಕೊಂಡು ರಣರಂಗದಿಂದ ಮರಳಿ ಓದು ಮುಗಿಸಿದರು.

ಹಣ್ಣು-ತರಕಾರಿ ಬಣ್ಣಗೆಡುವುದನ್ನು ಅವರು ಅಧ್ಯಯನ ಮಾಡಿದ್ದು ನೆದರ್‌ಲೆಂಡ್ಸ್‌ನ ಗ್ರೋನಿಂಗೆನ್‌ನಲ್ಲಿ. ನಿಂಬೆಯಂತಹ ಹಣ್ಣುಗಳ ರಸ ಬೆರೆಸಿದಾಗ ಬಣ್ಣ ಬರುವ ರಾಸಾಯನಿಕ ಕ್ರಿಯೆ ಕ್ಷಣಕಾಲ ತಡವಾಗುತ್ತಿತ್ತು. ಹಾಗೆ ತಡೆಯುವ ವಸ್ತುವನ್ನು ಅವರು ಕೇಂಬ್ರಿಡ್ಜ್‌ನಲ್ಲಿ ಬೇರ್ಪಡಿಸಿದರು. ಅದು ವಿಟಮಿನ್ ಸಿ ಎಂದು ಖಚಿತವಾದದ್ದು 1932ರಲ್ಲಿ, ಅವರು ಹಂಗೆರಿಯ ಸೆಗೆಡ್ ನಗರಕ್ಕೆ ಮರಳಿದ ಮೇಲೆ.

ಆದರೆ ಪ್ರಯೋಗಗಳಿಗೆ ಸಾಕಾಗುವಷ್ಟು ವಿಟಮಿನ್ ಸಿ ಎಲ್ಲಿಂದ ತರುವುದು? ಉತ್ತರ ಊಟದ ತಟ್ಟೆಯಲ್ಲೇ ಇತ್ತು. ಹೆಂಡತಿ ಬಡಿಸಿದ ಪ್ಯಾಪ್ರಿಕಾ ಮೆಣಸಿನಕಾಯಿ ತಿನ್ನಲು ಮನಸ್ಸಿಲ್ಲದೆ ಅದನ್ನವರು ಪ್ರಯೋಗಾಲಯಕ್ಕೆ ಒಯ್ದರಂತೆ. ಅದು ವಿಟಮಿನ್ ಸಿಯ ಗಣಿಯೇ ಆಗಿತ್ತು! 1937ರಲ್ಲಿ ನೊಬೆಲ್ ಬಂತು.

ತಪ್ಪು ನಡೆದದ್ದೂ ಇದೇ ದಿನಗಳಲ್ಲಿ. ರಕ್ತನಾಳಗಳು ದುರ್ಬಲವಾಗಿ ಚರ್ಮದಡಿಯಲ್ಲಿ ರಕ್ತ ಜಿನುಗುವ ಕೆಲ ರೋಗಿಗಳಿಗೆ ಶುದ್ಧ ವಿಟಮಿನ್ ಸಿ ಗುಣ ನೀಡಲಿಲ್ಲ, ಆದರೆ ಅಶುದ್ಧ ಸಾರ ನೀಡಿತು. ಹಾಗಾದರೆ ಆ 'ಕಲ್ಮಶ'ದಲ್ಲೇ ಏನೋ ಇರಬೇಕು! ಅದು ಫ್ಲೇವನಾಯ್ಡ್ ಎಂಬ ಗುಂಪಿಗೆ ಸೇರಿದ ಪಾಲಿಫೀನಾಲ್‌ಗಳು ಎಂದು ಕಂಡುಕೊಂಡ ಅವರ ತಂಡ, 1936ರಲ್ಲಿ ಅದನ್ನು 'ವಿಟಮಿನ್ ಪಿ' ಎಂದು ಕರೆಯಿತು.

ವಿಟಮಿನ್ ಎನ್ನಿಸಿಕೊಳ್ಳಲು ಒಂದು ಕಟ್ಟುನಿಟ್ಟಿನ ಪರೀಕ್ಷೆಯಿದೆ: ಅದಿಲ್ಲದಿದ್ದರೆ ನಿರ್ದಿಷ್ಟ ಕಾಯಿಲೆ ಬರಬೇಕು, ಕೊಟ್ಟರೆ ವಾಸಿಯಾಗಬೇಕು. ವಿಟಮಿನ್ ಸಿ ಇಲ್ಲದಿದ್ದರೆ ಸ್ಕರ್ವಿ ಬರುತ್ತದೆ. ಆದರೆ ಫ್ಲೇವನಾಯ್ಡ್ ಕೊರತೆಯಿಂದ ಬರುವ ಕಾಯಿಲೆಯನ್ನು ಯಾರಿಂದಲೂ ತೋರಿಸಲಾಗಲಿಲ್ಲ. ಗಿನಿಯಿಲಿಗಳ ಮೇಲಿನ ಪ್ರಯೋಗಗಳನ್ನು ಬೇರೆಯವರು ಮಾಡಿದಾಗ ಅದೇ ಫಲಿತಾಂಶ ಸಿಗಲಿಲ್ಲ. ಕಡೆಗೆ 1950ರಲ್ಲಿ ಅಮೆರಿಕದ ತಜ್ಞರ ಸಮಿತಿ ಆ ಹೆಸರನ್ನೇ ಕೈಬಿಡಲು ಶಿಫಾರಸು ಮಾಡಿತು.

ಅಷ್ಟರಲ್ಲಿ ಸೆಂಟ್-ಗ್ಯೋರ್ಗಿ ನಾಜಿಗಳ ವಿರುದ್ಧ ಕೆಲಸ ಮಾಡಿ, ತಲೆಮರೆಸಿಕೊಂಡು ಬದುಕುಳಿದು, 1947ರಲ್ಲಿ ಅಮೆರಿಕಕ್ಕೆ ಹೋಗಿದ್ದರು. ಅಲ್ಲಿನ ವುಡ್ಸ್ ಹೋಲ್‌ನಲ್ಲಿ ಸಂಶೋಧನೆ ಮುಂದುವರೆಸಿದ ಅವರು 1986ರಲ್ಲಿ ನಿಧನರಾದರು.

ವಿಟಮಿನ್ ಅಲ್ಲವೆಂದ ಮಾತ್ರಕ್ಕೆ ಪಾಲಿಫೀನಾಲ್‌ಗಳು ನಿರುಪಯೋಗಿ ಎಂದೇನೂ ಅಲ್ಲ. ಅವು ಧಾರಾಳವಾಗಿರುವ ಹಣ್ಣು, ತರಕಾರಿ, ಕಾಳುಗಳು ಆರೋಗ್ಯಕ್ಕೆ ಒಳ್ಳೆಯವೇ. ಆದರೆ ಆ ಒಳಿತಿನಲ್ಲಿ ನಾರಿನಂಶ, ಖನಿಜ, ವಿಟಮಿನ್‌ಗಳ ಪಾಲೂ ಇದೆ. ಪಾಲಿಫೀನಾಲ್‌ಗಳು ನೇರವಾಗಿ ರಕ್ತ ಸೇರುವುದು ಕಡಿಮೆ. ಬಹುಪಾಲನ್ನು ಕರುಳಿನ ಬ್ಯಾಕ್ಟೀರಿಯಾಗಳು ಒಡೆಯುತ್ತವೆ. ಹೀಗಾಗಿ ಪ್ರನಾಳದಲ್ಲಿ ಕಂಡ ಪರಿಣಾಮ ದೇಹದಲ್ಲೂ ಕಾಣುತ್ತದೆಂಬ ಖಾತ್ರಿಯಿಲ್ಲ. ಅವನ್ನು ಮಾತ್ರೆಯಾಗಿ ನುಂಗಿದರೆ ಅಪಾಯವೂ ಇರಬಹುದು: ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಗ್ರೀನ್ ಟೀ ಕ್ಯಾಟೆಚಿನ್ ಇರುವ ಪೂರಕಗಳು ಯಕೃತ್ತಿಗೆ ತೊಂದರೆ ಮಾಡಬಹುದೆಂದು 2018ರಲ್ಲಿ ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆ ಎಚ್ಚರಿಸಿದೆ.

ಇನ್ನೊಂದು ವಿಷಯ. ಊಟದ ಜೊತೆ ಕುಡಿದ ಚಹಾದ ಪಾಲಿಫೀನಾಲ್‌ಗಳು ಸೊಪ್ಪು-ಕಾಳುಗಳಲ್ಲಿನ ಕಬ್ಬಿಣ ದೇಹ ಸೇರದಂತೆ ತಡೆಯುತ್ತವೆ. ಅದೇ ಊಟಕ್ಕೆ ನಿಂಬೆರಸ ಹಿಂಡಿಕೊಂಡರೆ ಅದರ ವಿಟಮಿನ್ ಸಿ ಕಬ್ಬಿಣ ಹೀರಿಕೊಳ್ಳಲು ನೆರವಾಗುತ್ತದೆ. ರಕ್ತಹೀನತೆ ಇರುವವರು ಚಹಾವನ್ನು ಊಟದಿಂದ ಒಂದೆರಡು ಗಂಟೆ ದೂರವಿಡುವುದು ಒಳ್ಳೆಯದು. ಸೆಂಟ್-ಗ್ಯೋರ್ಗಿ ಒಟ್ಟಿಗೆ ವಿಟಮಿನ್ ಎಂದು ಕರೆದ ಎರಡು ವಸ್ತುಗಳು ನಮ್ಮ ತಟ್ಟೆಯಲ್ಲಿ ಮಾಡುವ ಕೆಲಸ ಎಷ್ಟು ಬೇರೆ, ನೋಡಿ!