ಕ್ರೀಡಾಗುರು ಸ್ಟ್ಯಾಗ್

ವೃದ್ಧಾಪ್ಯವು ವಿಶ್ರಾಂತಿಯ ಕಾಲವೆಂಬುದು ಲೋಕದ ನಂಬಿಕೆ. ಆದರೆ ಎಪ್ಪತ್ತನೆಯ ವಯಸ್ಸಿನಲ್ಲಿ ಹೊಸ ಊರಿಗೆ ಹೋಗಿ, ಹೊಸ ಶಿಷ್ಯರನ್ನು ಕೂಡಿಸಿಕೊಂಡು ಮತ್ತೆ ಪಾಠವನ್ನು ಆರಂಭಿಸಿದ ಗುರುವೊಬ್ಬರು ಅಮೆರಿಕದಲ್ಲಿದ್ದರು. ಅವರೇ ಅಮೋಸ್ ಅಲೊಂಜೊ ಸ್ಟ್ಯಾಗ್. ಆಟದ ಬಯಲೇ ಅವರ ಪಾಠಶಾಲೆ.

ಸ್ಟ್ಯಾಗ್ ಅವರು 1862ರ ಆಗಸ್ಟ್ 16ರಂದು ನ್ಯೂಜೆರ್ಸಿ ರಾಜ್ಯದ ವೆಸ್ಟ್ ಆರೆಂಜ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಪಾದರಕ್ಷೆಗಳನ್ನು ಹೊಲಿದು ಸಂಸಾರವನ್ನು ಸಾಗಿಸುತ್ತಿದ್ದರು. ಧರ್ಮೋಪದೇಶಕನಾಗಬೇಕೆಂಬ ಹಂಬಲದಿಂದ ಸ್ಟ್ಯಾಗ್ ಯೇಲ್ ವಿಶ್ವವಿದ್ಯಾಲಯವನ್ನು ಸೇರಿದರು. ಕೈಯಲ್ಲಿ ಹಣವಿರಲಿಲ್ಲ. ಕೊರೆಯುವ ಚಳಿಯಲ್ಲಿ ಬೆಂಕಿಯಿಲ್ಲದ ಕೊಠಡಿಯಲ್ಲಿ ವಾಸಿಸಿ, ಅರೆಹೊಟ್ಟೆ ಉಂಡು ವ್ಯಾಸಂಗ ಮಾಡಿದರು. ಬೇಸ್‌ಬಾಲ್ ಆಟದಲ್ಲಿ ಚೆಂಡೆಸೆಯುವುದರಲ್ಲಿ ಅವರು ನಿಪುಣರು. ವೃತ್ತಿನಿರತ ತಂಡಗಳು ಹಣದ ಆಸೆ ತೋರಿಸಿ ಕರೆದರೂ ಅವರು ಹೋಗಲಿಲ್ಲ.

ಅವರು ಮೆಚ್ಚಿದ ಇನ್ನೊಂದು ಆಟ ಅಮೆರಿಕದ ಫುಟ್‌ಬಾಲ್. ಇದು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಎರಡೂ ಕಡೆ ಹನ್ನೊಂದು ಮಂದಿ ನಿಂತು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಮುನ್ನುಗ್ಗುವ, ಎದುರಾಳಿಯನ್ನು ತಡೆದು ಕೆಡಹುವ ಕಠಿಣವಾದ ಆಟ. 1889ರಲ್ಲಿ ದೇಶದ ಶ್ರೇಷ್ಠ ಆಟಗಾರರ ಮೊದಲ ಪಟ್ಟಿ ಪ್ರಕಟವಾದಾಗ ಅದರಲ್ಲಿ ಸ್ಟ್ಯಾಗ್ ಅವರ ಹೆಸರಿತ್ತು.

ತಮಗೆ ವಾಕ್ಚಾತುರ್ಯವಿಲ್ಲವೆಂಬುದನ್ನು ಸ್ಟ್ಯಾಗ್ ಅರಿತರು. ಉಪದೇಶಪೀಠದಿಂದ ಮಾಡಲಾಗದ ಸೇವೆಯನ್ನು ಆಟದ ಬಯಲಿನಲ್ಲಿ ಮಾಡಲು ನಿಶ್ಚಯಿಸಿ, 1890ರಲ್ಲಿ ಸ್ಪ್ರಿಂಗ್‌ಫೀಲ್ಡ್ ನಗರದ ತರಬೇತಿ ಶಾಲೆಗೆ ಹೋದರು. ಅಲ್ಲಿ ಅವರ ಸಹೋದ್ಯೋಗಿಯಾಗಿದ್ದ ಜೇಮ್ಸ್ ನೈಸ್ಮಿತ್ 1891ರ ಡಿಸೆಂಬರಿನಲ್ಲಿ ಹಣ್ಣಿನ ಬುಟ್ಟಿಗಳನ್ನು ಕಟ್ಟಿ ಬ್ಯಾಸ್ಕೆಟ್‌ಬಾಲ್ ಆಟವನ್ನು ರೂಪಿಸಿದರು. 1892ರ ಮಾರ್ಚ್ 11ರಂದು ಜನರ ಮುಂದೆ ನಡೆದ ಪಂದ್ಯದಲ್ಲಿ ಅಧ್ಯಾಪಕರು ವಿದ್ಯಾರ್ಥಿಗಳಿಗೆ 5–1ರಿಂದ ಸೋತರು. ಅಧ್ಯಾಪಕರ ಆ ಒಂದು ಅಂಕವನ್ನು ಗಳಿಸಿದವರು ಸ್ಟ್ಯಾಗ್.

ಅದೇ ವರ್ಷ, ಯೇಲ್‌ನಲ್ಲಿ ಅವರಿಗೆ ಗುರುಗಳಾಗಿದ್ದ ವಿಲಿಯಂ ಹಾರ್ಪರ್ ತಾವು ಅಧ್ಯಕ್ಷರಾಗಿದ್ದ ಷಿಕಾಗೋ ವಿಶ್ವವಿದ್ಯಾಲಯಕ್ಕೆ ಅವರನ್ನು ಬರಮಾಡಿಕೊಂಡರು. ಕ್ರೀಡಾಶಿಕ್ಷಕನಿಗೆ ಇತರ ಅಧ್ಯಾಪಕರ ಸಮಾನವಾದ ಸ್ಥಾನ ದೊರೆತುದು ಆಗ ಹೊಸ ಸಂಗತಿ. ಅಲ್ಲಿ ಅವರು 41 ವರ್ಷ ದುಡಿದರು. 1905ರಲ್ಲಿ ಅವರ ತಂಡವು, 56 ಪಂದ್ಯಗಳಲ್ಲಿ ಸೋಲನ್ನೇ ಕಾಣದಿದ್ದ ಮಿಷಿಗನ್ ತಂಡವನ್ನು 2–0ರಿಂದ ಮಣಿಸಿತು. ಬ್ಯಾಸ್ಕೆಟ್‌ಬಾಲನ್ನೂ ಅವರು ಅಲ್ಲಿ ಬೆಳೆಸಿದರು. 1896ರಲ್ಲಿ ಅಯೋವಾ ತಂಡದೊಡನೆ ಪಕ್ಷಕ್ಕೆ ಐವರಂತೆ ಆಡಿಸಿದ ಪಂದ್ಯವು ಆ ಆಟದ ಇಂದಿನ ರೂಪಕ್ಕೆ ದಾರಿ ತೋರಿತು. ಅವರು ಮದ್ಯಪಾನ, ಧೂಮಪಾನಗಳಿಂದ ದೂರವಿದ್ದರು; ಶಿಷ್ಯರಿಂದಲೂ ಸಂಯಮವನ್ನು ಬಯಸಿದರು.

ಸ್ಟ್ಯಾಗ್ ಅವರಿಗೆ ಎಪ್ಪತ್ತು ತುಂಬಿದಾಗ ವಿಶ್ವವಿದ್ಯಾಲಯದ ನಿಯಮ ಅಡ್ಡಬಂದಿತು. ಗೌರವದ ಬೇರೊಂದು ಹುದ್ದೆಯನ್ನು ಕೊಡಲು ಆಡಳಿತವು ಸಿದ್ಧವಿತ್ತು. ಆದರೆ ಬಯಲನ್ನು ಬಿಟ್ಟು ಮೇಜಿನ ಮುಂದೆ ಕುಳಿತುಕೊಳ್ಳಲು ಅವರ ಮನಸ್ಸು ಒಪ್ಪಲಿಲ್ಲ. 1933ರಲ್ಲಿ ಅವರು ಕ್ಯಾಲಿಫೋರ್ನಿಯದ ಸ್ಟಾಕ್‌ಟನ್ ನಗರದ ಪೆಸಿಫಿಕ್ ಕಾಲೇಜಿಗೆ ತೆರಳಿದರು. ಅದು ಹೆಚ್ಚಿನ ಹಣವಾಗಲಿ ಹೆಸರಾಗಲಿ ಇಲ್ಲದ ಚಿಕ್ಕ ಕಾಲೇಜು. ಪತ್ನಿ ಸ್ಟೆಲಾ ಪಂದ್ಯಗಳ ವಿವರಗಳನ್ನು ಗುರುತುಮಾಡಿಕೊಂಡು ಅವರಿಗೆ ನೆರವಾಗುತ್ತಿದ್ದರು. ಹತ್ತು ವರ್ಷಗಳ ತರುವಾಯ, 1943ರಲ್ಲಿ, ದೇಶದ ತರಬೇತುದಾರರ ಸಂಘವು 81 ವರ್ಷದ ಸ್ಟ್ಯಾಗ್ ಅವರನ್ನು ಆ ವರ್ಷದ ಶ್ರೇಷ್ಠ ತರಬೇತುದಾರರೆಂದು ಆರಿಸಿತು. ಇತ್ತ ಷಿಕಾಗೋ ವಿಶ್ವವಿದ್ಯಾಲಯವು 1939ರಲ್ಲಿಯೇ ಫುಟ್‌ಬಾಲ್ ತಂಡವನ್ನು ಕೈಬಿಟ್ಟಿತ್ತು.

1946ರಲ್ಲಿ ಪೆಸಿಫಿಕ್ ಕಾಲೇಜನ್ನು ಬಿಟ್ಟ ಮೇಲೂ ಅವರು ಸುಮ್ಮನಿರಲಿಲ್ಲ. ಪೆನ್ಸಿಲ್ವೇನಿಯ ರಾಜ್ಯದಲ್ಲಿ ತರಬೇತುದಾರನಾಗಿದ್ದ ಮಗನ ಜೊತೆಗೂಡಿ ದುಡಿದರು. ತೊಂಬತ್ತು ದಾಟಿದ ಮೇಲೆ ಸ್ಟಾಕ್‌ಟನ್‌ಗೆ ಮರಳಿ ಅಲ್ಲಿನ ಹುಡುಗರಿಗೆ ಚೆಂಡನ್ನು ಒದೆಯುವುದನ್ನು ಕಲಿಸಿದರು. ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಎರಡರ ಗೌರವಪಟ್ಟಿಗಳಲ್ಲಿಯೂ ಅವರ ಹೆಸರು ಸೇರಿತು. 1965ರ ಮಾರ್ಚ್ 17ರಂದು, ತಮ್ಮ 102ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ಪಂದ್ಯದ ಸೋಲುಗೆಲುವುಗಳು ಸಂಜೆಗೆ ಮುಗಿಯುತ್ತವೆ. ಆಟದಲ್ಲಿ ಕಲಿತ ಶಿಸ್ತು ಬಾಳಿನುದ್ದಕ್ಕೂ ಉಳಿಯುತ್ತದೆ. ಸ್ಟ್ಯಾಗ್ ಅವರು ಮೂರು ತಲೆಮಾರಿನ ತರುಣರಿಗೆ ಕಲಿಸಿದುದು ಈ ಶಿಸ್ತನ್ನೇ.